ರಾಮೇಶ್ವರದ ಮೀನು

ಭಾನುವಾರ ಬೆಳಗ್ಗೆ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಹಜಾರಕ್ಕೆ ಬಂದ ಪ್ರಭುಸ್ವಾಮಿ ಗಾಜಿನ ತೊಟ್ಟಿಯ ಮುಂದೆ ನಿಂತು, ಈ ಮೀನು ರೆಪ್ಪೆ ಮಿಟುಕಿಸುವುದಿಲ್ಲ ಎಂಬುದನ್ನು ಮೂರು ತಿಂಗಳಲ್ಲಿ ನೂರನೆಯ ಸಲವೋ ಏನೋ ಗಮನಿಸಿದ. ಮಿಟುಕಿಸಲು ಮೀನಿಗೆ ರೆಪ್ಪೆಯೇ ಇರುವುದಿಲ್ಲ, ಅದು ಅವನಿಗೆ ಗೊತ್ತು. ಆದರೂ ಇನ್ನು ನಾಲ್ಕು ಗಂಟೆಯಲ್ಲಿ ಮಠದ ಬುದ್ಧಿಯವರು ಪಾದಪೂಜೆಗೆಂದು ಈ ಮನೆಗೆ ದಯಮಾಡಿಸುವವರಿದ್ದರು. ಅವರು ಬರುವುದು ಅರ್ಧ ಪೂಜೆಗಾದರೆ ಇನ್ನರ್ಧ ಈ ಮೀನನ್ನು ನೋಡುವುದಕ್ಕೆ ಎಂಬುದು ಸರಸ್ವತಿಪುರಂನ ಆ ರಸ್ತೆಗೆಲ್ಲ ತಿಳಿದುಹೋಗಿತ್ತು. ಅಂಥ ದಿನ ಅದು ಹೀಗೆ ಒಂದೇ ಸಮನೆ ತನ್ನ ಮುಖವನ್ನೇ ನೋಡುತ್ತಿರುವುದರಲ್ಲಿ ಏನೋ ಇದೆ ಅನ್ನಿಸಿತು. ನೀನೇ ಹೇಳುತ್ತೀಯೋ, ನಾನು ಹೇಳಲೋ ಎಂದು ಕೇಳುವ ಹಾಗೆ. ಅವನು ಬಾಯಲ್ಲಿದ್ದ ನೊರೆಯನ್ನು ಮರೆತು ನುಂಗಿದ. ಒಳಗಿನಿಂದ ಹೆಂಡತಿ ಪ್ರೇಮಲೀಲಾ, "ರೀ, ಅದರ ಮುಂದೆ ನಿಂತು ಹಲ್ಲುಜ್ಜಬೇಡಿ, ಅತ್ತೆ ನೋಡಿದ್ರೆ ಬೈತಾರೆ. ದೇವರ ಮನೇಲಿ ನಿಂತು ಉಗುಳಿದಂಗೆ ಅಂತಾರೆ" ಎಂದಳು. ಉಗುಳಿರಲಿಲ್ಲ, ನುಂಗಿದ್ದೆ ಎಂದು ಹೇಳಬೇಕೆನಿಸಿತು. ಇತ್ತೀಚೆಗೆ ತಾನು ಮಾಡುತ್ತಿರುವುದೆಲ್ಲ ಅದೇ ಅಲ್ಲವೇ ಎಂದುಕೊಂಡು ಬಚ್ಚಲಿಗೆ ಹೋದ.

ಮೀನು ನೋಡಲು ಚೆಂದವಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಾವಿಯ ಬಣ್ಣದ ಮೈ. ಮೈಯುದ್ದಕ್ಕೂ ಬಿಳಿ ಪಟ್ಟೆ. ಅದರಲ್ಲೂ ಹಣೆಯ ಮೇಲೆ ಮೂರು ಪಟ್ಟೆಗಳು ಯಾರೋ ಮೂರು ಬೆರಳು ಅದ್ದಿ ಎಳೆದಷ್ಟು ಸ್ಪಷ್ಟ. ಬೆನ್ನಿನಿಂದಲೂ ಪಕ್ಕೆಗಳಿಂದಲೂ ಎದ್ದು ಹರಡಿಕೊಂಡ ಉದ್ದುದ್ದ ರೆಕ್ಕೆಗಳು ಜಡೆಗಟ್ಟಿದ ಕೂದಲಿನ ಹಾಗೆ. ಇಷ್ಟೆಲ್ಲ ಇಟ್ಟುಕೊಂಡೂ ಅದು ಉಳಿದ ಮೀನುಗಳಂತೆ ಅತ್ತಿತ್ತ ಓಡಾಡದೆ, ನೀರಿನ ನಡುಮಧ್ಯೆ ತೂಗುಹಾಕಿದಂತೆ ಗಂಟೆಗಟ್ಟಲೆ ನಿಂತುಬಿಡುತ್ತಿತ್ತು. ಅವನ ತಾಯಿ ಪುಟ್ಟನಂಜಮ್ಮ ಅದನ್ನು ಎಂದೂ ಮೀನು ಎಂದು ಕರೆದವರಲ್ಲ. 'ಒಳಗಿರೋರು' ಎನ್ನುತ್ತಿದ್ದರು. "ಒಳಗಿರೋರು ಎದ್ದಿದ್ದಾರಾ ನೋಡಪ್ಪ", "ಒಳಗಿರೋರ ಮುಂದೆ ಟೀವಿ ಜೋರಾಗಿ ಹಾಕಬೇಡಿ". ಎಪ್ಪತ್ತೆಂಟು ವರ್ಷದ ಅವರು ಬೆಳಗ್ಗೆ ಸಂಜೆ ತಮ್ಮ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತೊಟ್ಟಿಯ ಮುಂದೆ ಮೊಣಕಾಲು ಹಿಡಿದುಕೊಂಡು ಕೂತು ಒಂದು ಗಳಿಗೆ ಅದನ್ನು ನೋಡುತ್ತಿದ್ದರು. ಒಬ್ಬರ ಹಣೆ ಇನ್ನೊಬ್ಬರಿಗೆ ಕನ್ನಡಿಯಾದಂತೆ.

ಅವನಿಗೆ ಬೇಕಾಗಿದ್ದುದು ಇದಲ್ಲ. ಅವನು ಸರ್ವೆ ಕಚೇರಿಯಲ್ಲಿ ನಕಾಶೆ ಬರೆಯುವವನು. ಇಪ್ಪತ್ತೆಂಟು ವರ್ಷದಿಂದ ಹಳ್ಳಿಗಳ ಕೆರೆ ಬಾವಿಗಳಿಗೆ ನೀಲಿ ಬಣ್ಣ ತುಂಬಿ ತುಂಬಿ ರಕ್ತದೊತ್ತಡ ಬಂದಿತ್ತು. ದಿನಕ್ಕೆ ಅರ್ಧ ಗಂಟೆ ಮೀನು ನೋಡಿ, ಇಳಿಯುತ್ತೆ ಎಂದು ಡಾಕ್ಟರು ಹೇಳಿದರು. ಅಷ್ಟಕ್ಕೆ ಎದುರುಮನೆಯ ಸುಂದರೇಶನ ಹಾಗೆ ನಾಲ್ಕು ಚಿನ್ನದ ಬಣ್ಣದ ಮೀನು ತಂದು ಸಿಹಿನೀರಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸುಂದರೇಶನದನ್ನೇ ತಾನೂ ಮಾಡುವುದು ಹೇಗೆ? ಮೂವತ್ತು ವರ್ಷ ಕಾಲೇಜಿನಲ್ಲಿ ಸಂಸ್ಕೃತ ಹೇಳಿದ ಆ ಮನುಷ್ಯ ರಸ್ತೆಯಾಚೆಯಿಂದಲೇ ವ್ಯಾಕರಣದ ತಪ್ಪು ಹಿಡಿಯುವ ಹಾಗೆ ನಗುತ್ತಿದ್ದ. ಪ್ರಭುಸ್ವಾಮಿ ಲೈಬ್ರರಿಯಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ, ಸಮುದ್ರದ ಮೀನನ್ನೇ ಸಾಕುತ್ತೇನೆ ಎಂದು ಸಾರಿಬಿಟ್ಟ. ಪುಸ್ತಕದ ಪ್ರಕಾರ ಉಪ್ಪುನೀರು ಹದಕ್ಕೆ ಬರಲು ಎರಡು ತಿಂಗಳು ಬೇಕು. ಆ ಎರಡು ತಿಂಗಳು ಹಜಾರದಲ್ಲಿ ಬರೀ ನೀರು, ಕಲ್ಲು, ಗುಳುಗುಳು ಎನ್ನುವ ಪಂಪು. "ಏನು ಪ್ರಭುಸ್ವಾಮಿಗಳೇ, ಸಮುದ್ರ ಒಲೆಯಿಂದ ಇಳೀತೋ, ಇನ್ನೂ ಕುದೀತಾ ಇದೆಯೋ?" ಎಂದು ಸುಂದರೇಶ ಗೇಟಿನಿಂದಲೇ ಕೇಳುತ್ತಿದ್ದ. ಗುಳ್ಳೆಗಳು ಒಡೆದು ಸಿಡಿದ ನೀರು ಆರಿ ಮನೆಯಲ್ಲೆಲ್ಲ ಬೆಳ್ಳಗೆ ಉಪ್ಪು ಕೂರುತ್ತಿತ್ತು: ಗಾಜಿನ ಅಂಚಿಗೆ, ಟೀವಿಯ ನೆತ್ತಿಗೆ, ಮಾವನವರ ಫೋಟೋದ ಚೌಕಟ್ಟಿಗೆ. ಪ್ರೇಮಲೀಲಾ ದಿನಾ ಒರೆಸುತ್ತಿದ್ದಳು. "ನಮ್ಮಪ್ಪ ಸತ್ತು ಹತ್ತು ವರ್ಷಕ್ಕೆ ಉಪ್ಪಿನಕಾಯಿ ಆಗ್ತಾ ಇದ್ದಾರೆ ಕಣ್ರೀ."

ತೊಟ್ಟಿಗೆ ಒಂದು ಮುಖ್ಯ ಮೀನು ಬೇಕು, ಬಾಗಿಲಲ್ಲಿ ನಿಂತವರ ಕಣ್ಣು ನೇರವಾಗಿ ಅದರ ಮೇಲೇ ಬೀಳಬೇಕು ಎಂದಿತ್ತು ಪುಸ್ತಕ. ಅವನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಷರತ್ತು ಬರೆದುಕೊಂಡ. ದೊಡ್ಡದಾಗಿರಬೇಕು. ಕಲ್ಲಿನ ಹಿಂದೆ ಅಡಗಬಾರದು. ಮೊದಲೇ ತಂದುಬಿಟ್ಟಿದ್ದ ಎರಡು ಪುಟ್ಟ ನೀಲಿ ಮೀನುಗಳ ತಂಟೆಗೆ ಹೋಗಬಾರದು. ನಾಲ್ಕನೆಯದರ ಕೆಳಗೆ ಎರಡು ಗೆರೆ: ಸಸ್ಯಾಹಾರಿ. ಮೊಟ್ಟೆ ಹಾಕಿದ ಬಿಸ್ಕತ್ತೂ ಹೊಸಿಲು ದಾಟದ ಮನೆ ಅದು. ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಈರುಳ್ಳಿ ಮಂಡಿಗೂ ತಗಡಿನ ಟ್ರಂಕು ಬಡಿಯುವ ಕಾರ್ಖಾನೆಗೂ ನಡುವೆ ಇದ್ದ ಚೆಲುವರಾಜುವಿನ ಅಂಗಡಿಗೆ ಅವನು ಏಳು ವಾರ ಸತತವಾಗಿ ಹೋದ. ಮದರಾಸಿನಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತಿದ್ದ ಒಂದೊಂದು ಮೀನಿನ ಮುಂದೆಯೂ ನಿಂತು ನೋಟ್‌ಬುಕ್ ತೆರೆಯುತ್ತಿದ್ದ. ಹಳದಿಯದು ಹವಳ ಮೇಯುತ್ತದೆ, ಅದು ಜೀವ. ಊದಿಕೊಳ್ಳುವುದು ಬಸವನಹುಳು ಒಡೆಯುತ್ತದೆ. ಪಾಚಿ ಮೇಯುವ ನೀಲಿಯದೊಂದು ಎಲ್ಲ ಷರತ್ತಿಗೂ ಒಪ್ಪುತ್ತಿತ್ತು, ಆದರೆ ಬಂದದ್ದಕ್ಕೆ ಒಂದು ಕಣ್ಣು ಮಂಜಾಗಿತ್ತು. "ಸಾರ್, ನೀವು ಮೀನು ನೋಡೋಕೆ ಬತ್ತೀರೋ, ಹೆಣ್ಣು ನೋಡೋಕೆ ಬತ್ತೀರೋ" ಎಂದ ಚೆಲುವರಾಜು ಎಂಟನೆಯ ವಾರ. "ಜಾತಕ ಒಂದು ಕೇಳೋದು ಬಾಕಿ."

ಆ ಎಂಟನೆಯ ವಾರ ತಾಯಿಯೂ ಜೊತೆಗಿದ್ದರು. ವಿಭೂತಿ ಗಟ್ಟಿ ತೆಗೆದುಕೊಳ್ಳಲು ಮಂಡಿಗೆ ಬಂದವರು, ಬಿಸಿಲಿಗೆ ಆಟೋದಲ್ಲಿ ಒಬ್ಬರೇ ಯಾಕೆ ಕೂರಲಿ ಎಂದು ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತರು. ಪಕ್ಕದಲ್ಲಿ ಟ್ರಂಕಿನವನು ಸುತ್ತಿಗೆ ಎತ್ತಿ ಬಡಿದ. ಅಂಗಡಿಯ ಅಷ್ಟೂ ತೊಟ್ಟಿಗಳಲ್ಲಿ ಅಷ್ಟೂ ಮೀನುಗಳು ಬೆದರಿ ಒಂದು ಸಲ ದಿಕ್ಕಾಪಾಲಾದವು. ಒಂದು ಮಾತ್ರ ಕದಲಲಿಲ್ಲ. ಮತ್ತೆ ಬಡಿದ. ಕದಲಲಿಲ್ಲ. ಪುಟ್ಟನಂಜಮ್ಮ ಎದ್ದು ಹತ್ತಿರ ಹೋಗಿ, ಕನ್ನಡಕ ಮೇಲೆ ಮಾಡಿ ನೋಡಿ, ಮೆಲ್ಲಗೆ ಕೈ ಮುಗಿದರು.

"ಯಾವೂರಿನದಪ್ಪ ಇದು?"

"ರಾಮೇಶ್ವರದ ಕಡೇದು, ಅಮ್ಮಾವ್ರೇ. ಅಲ್ಲಿಂದ ಮದರಾಸಿಗೆ ಬಂದು, ಅಲ್ಲಿಂದ ನಮ್ಮ ಅಂಗಡಿಗೆ."

"ಪ್ರಭು," ಎಂದರು ತಾಯಿ ತಿರುಗದೆಯೇ, "ನಾನಂತೂ ಹೋಗ್ಲಿಲ್ಲ. ರಾಮೇಶ್ವರವೇ ಬಂದು ನಿಂತದೆ ನೋಡು."

ಆ ಮಾತಿಗೆ ಅವನ ಕಿವಿ ಬಿಸಿಯಾಯಿತು. ಅಪ್ಪ ಸಾಯುವ ವರ್ಷ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು. ಆಮೇಲೆ ಆ ಮಾತು ಮನೆ, ಮಂಚ, ಗೋಡೆ ಗಡಿಯಾರಗಳ ಜೊತೆ ಪ್ರಭುಸ್ವಾಮಿಯ ಪಾಲಿಗೆ ಬಂತು. ಒಂದು ವರ್ಷ ಕಚೇರಿಯಿಂದ ಪ್ರವಾಸದ ರಜೆ ಸಿಕ್ಕಾಗ ಅವನು ಹೆಂಡತಿ ಮಗಳ ಜೊತೆ ಊಟಿಗೆ ಹೋಗಿಬಂದು, ಅಮ್ಮನಿಗೆ ಒಂದು ಉಣ್ಣೆಯ ಶಾಲು ತಂದಿದ್ದ. ಅಮ್ಮ ಮೈಸೂರಿನ ಬೇಸಿಗೆಯಲ್ಲಿ ಆ ಶಾಲು ಹೊದ್ದುಕೊಂಡು ಒಂದು ತಿಂಗಳು ಓಡಾಡಿದರು. ಈಗ ಮೂರು ಗೇಣಿನ ಗಾಜಿನ ಹಿಂದೆ ಸಾಲ ತೀರುವ ದಾರಿಯೊಂದು ಕಾಣುತ್ತಿತ್ತು. ಅವನು ಚೆಲುವರಾಜುವನ್ನು ಪಕ್ಕಕ್ಕೆ ಕರೆದು, "ಇದು ತಿನ್ನೋದು ಏನು?" ಎಂದು ಪಿಸುಗುಟ್ಟಿದ. ಚೆಲುವರಾಜು ಅಮ್ಮನ ಹಣೆ ನೋಡಿದ, ಮೀನಿನ ಹಣೆ ನೋಡಿದ, ಆಮೇಲೆ ಇವನ ಹಣೆ ನೋಡಿದ. "ಜಾಸ್ತಿ ತಿನ್ನಲ್ಲ ಸಾರ್. ವಾರಕ್ಕೆ ಎರಡು ಸಲ." "ಏನನ್ನ?" "ನೀವು ಎಂಗೆ ಅಭ್ಯಾಸ ಮಾಡಿಸಿದ್ರೆ ಅಂಗೆ." ಅದು ಉತ್ತರವಲ್ಲ ಎಂದು ಪ್ರಭುಸ್ವಾಮಿಗೆ ಗೊತ್ತಿತ್ತು. ಬ್ಯಾಗಿನಲ್ಲಿ ಪುಸ್ತಕವೂ ಇತ್ತು. ತೆಗೆದು ಹಿಂದಿನ ಪಟ್ಟಿಯಲ್ಲಿ ಚಿತ್ರ ಹುಡುಕಿದ, ಸಿಕ್ಕಿತು, ವಿವರಕ್ಕೆ ನೂರ ಹದಿನಾಲ್ಕನೆಯ ಪುಟ ನೋಡಿ ಎಂದಿತ್ತು. ಅವನು ನೂರ ಹದಿನಾಲ್ಕನ್ನು ತೆರೆಯಲಿಲ್ಲ. ಪುಸ್ತಕ ಮುಚ್ಚಿ, "ಪ್ಯಾಕ್ ಮಾಡಿ" ಎಂದ. ಚೆಲುವರಾಜು ಚೀಲಕ್ಕೆ ಗಾಳಿ ತುಂಬುತ್ತ, "ಬೆನ್ನಿನ ಕಡ್ಡಿ ಮುಟ್ಟಬೇಡಿ ಸಾರ್, ವಿಷ" ಎಂದು ಸೇರಿಸಿದ. ಅದನ್ನು ಕೇಳಿಸಿಕೊಂಡ ಅಮ್ಮ, ವಿಷ ಇಟ್ಟುಕೊಂಡೂ ಎಷ್ಟು ಶಾಂತವಾಗಿ ನಿಂತಿದೆ ನೋಡು ಎಂದು ಇನ್ನೊಂದು ಸಲ ಕೈ ಮುಗಿದರು.

"ರೀ, ಆ ಚಾಪೆ ಈ ಕಡೆ ಹಾಸಿ. ಬುದ್ಧಿಯವರ ಕುರ್ಚಿ ತೊಟ್ಟಿಗೆ ಎದುರಿಗೆ ಬರಬೇಕಂತೆ, ಅತ್ತೆ ಆಜ್ಞೆ." ಈ ಭಾನುವಾರ ಬೆಳಗ್ಗೆ ಪ್ರೇಮಲೀಲಾ ಹೂವಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದಳು. ಅವನು ಚಾಪೆ ಎಳೆದ. ಅವಳು ಅವನನ್ನೇ ಒಂದು ಕ್ಷಣ ನೋಡಿ, ದನಿ ತಗ್ಗಿಸಿ, "ಕೇಳಿದ್ರೆ ಏನು ಹೇಳ್ತೀರಿ?" ಎಂದಳು. "ಯಾರು?" "ಯಾರು ಅಂತ ಕೇಳ್ತಾರೆ ನೋಡಿ. ಬುದ್ಧಿಯವರು." "ಅವರು ಯಾಕೆ ಕೇಳ್ತಾರೆ?" "ಪ್ರಾಣಿ ನೋಡಿದೋರು ಮೊದಲು ಕೇಳೋದೇ ಅದು ಕಣ್ರೀ. ಹೆಸರೇನು, ಏನು ತಿನ್ನುತ್ತೆ. ಹೆಸರಿಗೆ ಅತ್ತೆ ಇದ್ದಾರೆ. ಎರಡನೇದಕ್ಕೆ ನೀವೇ."

ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತು. ಆರು ದಿನ ಒಳಗಿರೋರು ಏನನ್ನೂ ಮುಟ್ಟಲಿಲ್ಲ. ಪ್ರಭುಸ್ವಾಮಿ ಪಾಲಕ್ ಸೊಪ್ಪು ಕುದಿಸಿ ಹಾಕಿದ, ಸೌತೆಕಾಯಿ ಹೆಚ್ಚಿ ಹಾಕಿದ, ಕಡಲೆಹಿಟ್ಟನ್ನು ಸಣ್ಣ ಉಂಡೆ ಮಾಡಿ ಹಾಕಿದ. ಅವೆಲ್ಲ ಅದರ ಮೂಗಿನ ಮುಂದೆ ನಿಧಾನವಾಗಿ ಇಳಿದು ತಳ ಸೇರಿದವು. ಅದು ನಿಂತಲ್ಲೇ ನಿಂತಿತ್ತು. "ಉಪವಾಸ" ಎಂದರು ಅಮ್ಮ ಬಂದವರಿಗೆಲ್ಲ. ಏಕಾದಶಿಗೆ ಫಲಾಹಾರವೆಂದು ಎರಡು ತಟ್ಟೆ ತಿನ್ನುವವರನ್ನು ನೋಡಿದ್ದೇನೆ, ಇದು ಹಾಗಲ್ಲ ಎಂದು ಎದುರುಮನೆಯ ಕಡೆ ಕಣ್ಣು ಹಾಯಿಸಿ ಹೇಳಿದರು. ಏಳನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದಿದ್ದ ಪ್ರಭುಸ್ವಾಮಿ ಕೈಯಲ್ಲಿ ಮಜ್ಜಿಗೆ ಲೋಟ ಹಿಡಿದು ನೋಡುತ್ತಿರುವಾಗಲೇ, ಪುಟ್ಟ ನೀಲಿ ಮೀನೊಂದು ಆ ಜಡೆಯ ಹತ್ತಿರ ಹಾದುಹೋಯಿತು. ಹಾದುಹೋಗಲಿಲ್ಲ. ಮೇಜಿನ ಡ್ರಾಯರು ತೆರೆದು ಮುಚ್ಚಿದಷ್ಟೇ ಹೊತ್ತು. ನೀಲಿಯದು ಇತ್ತು, ಈಗ ಇಲ್ಲ. ಒಳಗಿರೋರು ಮತ್ತೆ ಧ್ಯಾನದಲ್ಲಿದ್ದರು. ಎರಡನೆಯದು ಮರುದಿನ ಕಾಣೆಯಾಯಿತು. "ಕಲ್ಲಿನ ಸಂದಿಗೆ ಹೋಗಿರಬೇಕಮ್ಮ" ಎಂದ ತಾಯಿಗೆ. ಅಡುಗೆಮನೆಯಲ್ಲಿ ಪ್ರೇಮಲೀಲಾ, "ಕಲ್ಲಿನ ಸಂದಿ ಅಲ್ಲ, ಹೊಟ್ಟೆ ಸಂದಿ" ಎಂದಳು. ಅಂದು ಕಚೇರಿಯಲ್ಲಿ ಅವನು ನೂರ ಹದಿನಾಲ್ಕನೆಯ ಪುಟ ತೆರೆದ. ಅಲ್ಲಿ ಎಲ್ಲ ಇತ್ತು, ಮೀನಿನ ಇಂಗ್ಲಿಷ್ ಹೆಸರಿನಲ್ಲೇ ಸಿಂಹವಿತ್ತು. ಓದಿ ಮುಗಿಸಿ ಎದುರಿಗಿದ್ದ ನಕಾಶೆಯಲ್ಲಿ ಕೆರೆಗೆ ಬದಲಾಗಿ ಊರಿಗೇ ನೀಲಿ ಬಣ್ಣ ತುಂಬಿಬಿಟ್ಟ.

ವಾಪಸು ಕೊಡಬಹುದಿತ್ತು. ಅಮ್ಮನಿಗೆ ಏನು ಹೇಳುವುದು? ಸಾಯಲು ಬಿಡಬಹುದಿತ್ತು, ಉಪವಾಸವಿದ್ದೇ ಹೋದರು ಎಂದು ಅಮ್ಮ ಇನ್ನಷ್ಟು ಹೆಮ್ಮೆಪಡುತ್ತಿದ್ದರು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ, ಮರುದಿನ ಸಂಜೆ ಅವನು ಮಗಳು ಅಕ್ಷತಾ ಸ್ಕೂಲಿಗೆ ಒಯ್ಯುತ್ತಿದ್ದ ಹಳೆಯ ಅಲ್ಯೂಮಿನಿಯಂ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಮಂಡಿ ಮೊಹಲ್ಲಾದ ಮೀನು ಮಾರುವ ಸಾಲಿಗೆ ಹೋದ. ತಿರುವಿನಲ್ಲಿ ನಿಲ್ಲಿಸಿ, ಕರ್ಚೀಫಿನಿಂದ ಹಣೆ ತಿಕ್ಕಿ ಒರೆಸಿಕೊಂಡ. ಸಾಕಮ್ಮ ಎನ್ನುವ ಹೆಂಗಸು ಗೋಣಿತಾಟಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಸೀಗಡಿ ಇದೆಯೇನಮ್ಮ?"

"ಅದೆ ಸ್ವಾಮಿ. ಎಷ್ಟು ಕೊಡ್ಲಿ?"

"ಎಂಟು."

"ಎಂಟು ಕೇಜಿನಾ? ಮದುವೆಯಾ ಸ್ವಾಮಿ?"

"ಕೇಜಿ ಅಲ್ಲ. ಎಂಟು. ಲೆಕ್ಕಕ್ಕೆ ಎಂಟು."

ಸಾಕಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಟ ಹಣೆಯ ಹತ್ತಿರ ಬಂದು ನಿಂತಿತು. ಮುಖದಲ್ಲಿ ಒಂದು ಬಗೆಯ ಕರುಣೆ ಮೂಡಿತು. "ಎಡಗಡೆ ವಸಿ ಉಳಿದದೆ ಸ್ವಾಮಿ, ಒರಸ್ಕೊಳಿ" ಎಂದಳು. ಅವನು ಒರೆಸಿಕೊಂಡ. "ನಾಚ್ಕೋಬೇಡಿ. ನಿಮ್ಮಂತೋರು ನಮ್ತಾವ ನಾಕೈದು ಜನ ಬತ್ತಾರೆ. ನಾನು ಯಾರ ಹೆಸ್ರೂ ಕೇಳಾಕಿಲ್ಲ. ಎಂಗೆ ಮಾಡ್ಕೋತೀರಿ, ವಗ್ಗರಣೆನೋ ಸಾರೋ?" ನನಗಲ್ಲ, ಮೀನಿಗೆ ಎನ್ನಲು ಬಾಯಿ ತೆರೆದ. ಮೀನಿನ ಬುಟ್ಟಿಯ ಮುಂದೆ ನಿಂತು ಮೀನಿಗಾಗಿ ಸೀಗಡಿ ಕೊಳ್ಳುತ್ತಿದ್ದೇನೆ ಎನ್ನುವುದಕ್ಕಿಂತ ಕದ್ದು ತಿನ್ನುವವನು ಎನ್ನಿಸಿಕೊಳ್ಳುವುದೇ ಸುಲಭವೆನಿಸಿ, "ಸಾರು" ಎಂದುಬಿಟ್ಟ. "ಎಂಟಕ್ಕೆ ಸಾರಾ?" ಎಂದು ಅವಳು ನಿಟ್ಟುಸಿರಿಟ್ಟು ಒಂಬತ್ತು ಹಾಕಿದಳು.

ಅಂದಿನಿಂದ ಅದೊಂದು ವ್ರತದಂತೆಯೇ ನಡೆಯಿತು. ಬುಧವಾರ, ಭಾನುವಾರ. ಸೋಮವಾರ ಎಂದೂ ಇಲ್ಲ, ಅಷ್ಟು ಮರ್ಯಾದೆ ಅವನೇ ಇಟ್ಟುಕೊಂಡಿದ್ದ. ಡಬ್ಬಿಯನ್ನು ತಂದು ತೊಟ್ಟಿಯ ಕೆಳಗಿನ ಗೂಡಿನಲ್ಲಿಟ್ಟು ಮೊದಲು ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವುದು. ಹೊರಬರುವ ಹೊತ್ತಿಗೆ ಅಮ್ಮ ದೇವರ ಕೋಣೆಯಲ್ಲಿ ಸಂಜೆಯ ಪೂಜೆಗೆ ಕೂತಿರುತ್ತಿದ್ದರು. ಗೂಡಿನಿಂದ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಆಗಲೇ ಹತ್ತಿರುತ್ತಿದ್ದ ಉಪ್ಪನ್ನು ಟವೆಲಿನಿಂದ ಒರೆಸಿ, ತೆಂಗಿನ ಗರಿಯ ಕಡ್ಡಿಗೆ ಸೀಗಡಿ ಸಿಕ್ಕಿಸಿ ನೀರಿನಲ್ಲಿ ಜೀವವಿದ್ದಂತೆ ಆಡಿಸುವುದು. ಡ್ರಾಯರು ತೆರೆದು ಮುಚ್ಚುತ್ತಿತ್ತು. ಆ ಕ್ಷಣ ಪ್ರಭುಸ್ವಾಮಿಗೆ ಆಗುತ್ತಿದ್ದ ಸಂತೋಷ ಮಾತ್ರ ಯಾರಿಗೂ ಹೇಳಿಕೊಳ್ಳುವಂಥದಲ್ಲ. ರಕ್ತದೊತ್ತಡ ನಿಜವಾಗಿ ಇಳಿದಿತ್ತು. ಡಾಕ್ಟರು ಕೇಳಿದಾಗ, ಬರೀ ನೋಡ್ತೀನಿ ಸಾರ್ ಎಂದಿದ್ದ.

ಬುದ್ಧಿಯವರು ಹನ್ನೊಂದೂವರೆಗೆ ಬಂದರು. ಐವತ್ತರ ಆಸುಪಾಸಿನ, ನಗುವ ಹೊಟ್ಟೆಯ ಮನುಷ್ಯ. ಪಾದಪೂಜೆ ಆಯಿತು, ಮಂಗಳಾರತಿ ಆಯಿತು. ರಸ್ತೆಯ ಅರ್ಧ ಜನ ಹಜಾರದಲ್ಲಿದ್ದರು. ಸುಂದರೇಶ ಬಾಗಿಲಿಗೆ ಒರಗಿ, ಇದು ನಮ್ಮ ಶಾಸ್ತ್ರವಲ್ಲ ಆದರೆ ಕುತೂಹಲಕ್ಕೆ ಅಡ್ಡಿಯಿಲ್ಲ ಎಂಬ ಮುಖ ಮಾಡಿಕೊಂಡು ನಿಂತಿದ್ದ. "ಎಲ್ಲಿ ತಾಯಿ, ನಿಮ್ಮ ಒಳಗಿರೋರು?" ಎಂದು ಬುದ್ಧಿಯವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಪುಟ್ಟನಂಜಮ್ಮ ಮದುವಣಗಿತ್ತಿಯನ್ನು ತೋರಿಸುವ ಹೆಂಗಸಿನಂತೆ ಪಕ್ಕಕ್ಕೆ ಸರಿದರು. ಅದೇ ಹೊತ್ತಿಗೆ ಕರೆಂಟು ಹೋಯಿತು. ಪಂಪು ಒಂದು ಸಲ ಗೊರಕ್ ಎಂದು ನಿಂತಿತು. ಗುಳ್ಳೆ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ, ಪುಸ್ತಕದಲ್ಲಿತ್ತು. ಪ್ರಭುಸ್ವಾಮಿ ಯೋಚಿಸಲೇ ಇಲ್ಲ. ಪಕ್ಕದಲ್ಲಿದ್ದ ಚೊಂಬನ್ನು ತೊಟ್ಟಿಯಲ್ಲಿ ಅದ್ದಿ, ತಲೆಯ ಮಟ್ಟಕ್ಕೆ ಎತ್ತಿ, ಸಣ್ಣ ಧಾರೆಯಾಗಿ ಮತ್ತೆ ತೊಟ್ಟಿಗೇ ಸುರಿಯತೊಡಗಿದ. ಮತ್ತೆ ಅದ್ದಿದ, ಮತ್ತೆ ಸುರಿದ. ಧಾರೆಯ ಕೆಳಗೆ ಕಾವಿ ಬಣ್ಣದ್ದು ಅಲುಗದೆ ನಿಂತಿತ್ತು. ಹಜಾರದಲ್ಲಿ ಇಬ್ಬರು ಮೂವರು ಕೈ ಮುಗಿದರು.

"ಚೆನ್ನಾಗಿದೆ ಅಭಿಷೇಕ" ಎಂದರು ಬುದ್ಧಿಯವರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಒಂದು ಹುಡುಗುತನ ಬಂತು. "ನಾವು ಹೊಳೆ ದಂಡೆ ಊರಿನವರು. ಮಠಕ್ಕೆ ಬರೋ ಮುಂಚೆ ಇಡೀ ದಿನ ನೀರಲ್ಲೇ. ಇಂಥದ್ದು ಮಾತ್ರ ನೋಡಿರಲಿಲ್ಲ. ಇದಕ್ಕೆ ಆಹಾರ ಏನು?"

ಪಂಪು ಇದ್ದಿದ್ದರೆ ಆ ಗುಳುಗುಳುವಿನಲ್ಲಿ ಏನಾದರೂ ಗೊಣಗಿ ಮುಗಿಸಬಹುದಿತ್ತು. ಈಗ ಹಜಾರದಲ್ಲಿ ಚೊಂಬಿನ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ನೀರೂ ಮುಗಿಯುತ್ತ ಬಂದಿತ್ತು. ಪಾಚಿ ಎಂದು ಹೇಳಬಹುದು. ಪಾಚಿ ಎಂದು ಹೇಳಿದರೆ ಪಾಚಿ. ಯಾರು ಹೊಟ್ಟೆ ಬಗೆದು ನೋಡುತ್ತಾರೆ? ಊಟಿಯಿಂದ ಬಂದ ದಿನ, ರಾಮೇಶ್ವರದ ದಾರಿ ಮಳೆಗೆ ಕೆಟ್ಟಿದೆಯಂತೆ ಎಂದು ಅಮ್ಮನಿಗೆ ಹೇಳಿದ್ದ. ಅಮ್ಮ ನಂಬಿದಂತೆ ತಲೆಯಾಡಿಸಿದ್ದರು. ಅವನು ತಾಯಿಯ ಕಡೆ ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ, ಮೀನನ್ನೂ ನೋಡುತ್ತಿರಲಿಲ್ಲ, ತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ಚೊಂಬಿನಿಂದ ಕೊನೆಯ ಹನಿ ಬಿತ್ತು.

"ಸೀಗಡಿ, ಬುದ್ಧಿ" ಎಂದ. ಕಚೇರಿಯಲ್ಲಿ ಫೈಲು ಕಳೆದುಹೋಗಿದೆ ಎಂದು ಹೇಳುವ ದನಿ. ಸಣ್ಣದಾಗಿಯೇ ಹೇಳಿದ್ದ, ಬಾಗಿಲಿನವರೆಗೂ ಕೇಳಿಸಿತು. ಸುಂದರೇಶ ಒರಗಿದ್ದ ಬಾಗಿಲನ್ನು ಬಿಟ್ಟು ನೆಟ್ಟಗಾದ.

ಬುದ್ಧಿಯವರು ಮೀನು ನೋಡಿದರು, ಇವನನ್ನು ನೋಡಿದರು. "ದಿನಾನೂ?"

"ಇಲ್ಲ ಬುದ್ಧಿ. ಬುಧವಾರ, ಭಾನುವಾರ."

"ಸೋಮವಾರ ಇಲ್ಲ ತಾನೆ?"

"ಇಲ್ಲ ಬುದ್ಧಿ."

"ಹೂಂ" ಎಂದು ಅವರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡರು. "ನಮ್ಮ ಮಠದಲ್ಲೂ ಒಂದು ಬೆಕ್ಕಿದೆ" ಎಂದರು ಆಮೇಲೆ. ಮುಂದೇನಾದರೂ ಹೇಳುತ್ತಾರೆಂದು ಹಜಾರವೆಲ್ಲ ಕಾದಿತ್ತು. ಅವರು ಕಣ್ಣು ತೆರೆದು, "ತಾಯಿ, ಇನ್ನೊಂದು ಲೋಟ ಮಜ್ಜಿಗೆ ಇದ್ದರೆ ಕೊಡಿ" ಎಂದರು.

ಎಲ್ಲರೂ ಹೋದ ಮೇಲೆ ಮನೆಯಲ್ಲಿ ಚಾಪೆ ಸುತ್ತುವ ಸದ್ದು ಮಾತ್ರ ಉಳಿಯಿತು. ಅಮ್ಮ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು. "ಹೇಳ್ಬುಟ್ರಲ್ಲ, ಬುಡಿ. ಹೊಟ್ಟೆ ಹಗುರ ಆಯ್ತಲ್ಲ" ಎಂದಳು ಪ್ರೇಮಲೀಲಾ. ಆಗಿರಲಿಲ್ಲ. ಕರೆಂಟು ಬರಲೇ ಇಲ್ಲ. ಅವನು ಮೂರು ಗಂಟೆ, ನಾಲ್ಕು ಗಂಟೆ, ಐದು ಗಂಟೆ, ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಚೊಂಬಿನಲ್ಲಿ ನೀರು ಎತ್ತಿ ಸುರಿಯುತ್ತಲೇ ಇದ್ದ. ನಡುವೆ ಒಮ್ಮೆ ಹೊರಗೆ ಬಂದಾಗ ಸುಂದರೇಶ ಗೇಟಿನ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ. "ನೋಡಿ ಪ್ರಭುಸ್ವಾಮಿ. ನಮ್ಮ ಮೀನಿಗೆ ಹಾಕೋ ಪುಡಿ ಇದೆಯಲ್ಲ, ಅದರ ಡಬ್ಬಿ ಮೇಲೆ ಏನು ಬರೆದಿದೆ ಅಂತ ಇಷ್ಟು ವರ್ಷ ನಾನು ಓದೇ ಇಲ್ಲ. ಇವತ್ತು ಓದಿದೆ." ಹಾಗೆಂದವನೇ ಒಳಗೆ ಹೋದ.

ಆರು ಗಂಟೆಗೆ ಹೆಂಡತಿಯ ಕೈಗೆ ಚೊಂಬು ಕೊಟ್ಟು ಡಬ್ಬಿ ತೆಗೆದುಕೊಂಡ. ಇವತ್ತು ಭಾನುವಾರ. ಅಮ್ಮ ಮಾತಾಡಿದರೂ ಬಿಟ್ಟರೂ ಅದರ ಹೊಟ್ಟೆ ಭಾನುವಾರವನ್ನು ಮರೆಯುವುದಿಲ್ಲ. ಸಾಕಮ್ಮ ಅವನನ್ನು ಕಂಡವಳೇ ಬೆರಳನ್ನು ಬಾಯಿಗಿಟ್ಟುಕೊಂಡಳು. "ಇದೇನ್ ಸ್ವಾಮಿ, ಇವತ್ತು ಅಣೆ ತುಂಬ ಇಟ್ಕಂಡು ಬಂದ್ಬುಟ್ಟಿದ್ದೀರಿ?" ಅವನು ಹಣೆ ಮುಟ್ಟಿಕೊಂಡ. ಪಾದಪೂಜೆಗೆ ಇಟ್ಟುಕೊಂಡದ್ದು, ಒರೆಸಿಕೊಳ್ಳಲು ಮರೆತಿದ್ದ. ಕರ್ಚೀಫು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. "ಇದು ನನಗಲ್ಲ ಕಣಮ್ಮ. ಮನೇಲಿ ಒಂದು ಮೀನು ಸಾಕಿದ್ದೀನಿ, ಅದಕ್ಕೆ" ಎಂದ. ಸಾಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಆಯ್ತು ಬುಡಿ ಸ್ವಾಮಿ. ಇನ್ನೊಬ್ರು ನಾಯಿಗೆ ಅಂತಾರೆ, ಒಬ್ರು ಮನೆ ಕಟ್ಟೋ ಗಾರೆಯೋರಿಗೆ ಅಂತಾರೆ. ಮೀನಿಗೆ ಅಂದೋರು ನೀವೇ ಮೊದ್ಲು." ನಿಜ ಹೇಳುವುದಕ್ಕೆ ಇಷ್ಟು ಕಷ್ಟಪಟ್ಟು, ಹೇಳಿದ ಮೇಲೆ ಅದು ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿ ಕಾಣುವುದಾದರೆ ಏನು ಮಾಡುವುದು? ಅವಳು ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು, ಸೀಗಡಿ ಹಾಕಿ, ಮುಚ್ಚಳವನ್ನು ತನ್ನ ಸೆರಗಿನಲ್ಲೇ ಫಳಫಳ ಒರೆಸಿ ಕೊಟ್ಟಳು.

ಮನೆಗೆ ಬಂದು ಅಭ್ಯಾಸದಂತೆ ಡಬ್ಬಿಯನ್ನು ಗೂಡಿನಲ್ಲಿಟ್ಟು ಬಚ್ಚಲಿಗೆ ಹೋದ. ತಣ್ಣೀರು ಸುರಿದುಕೊಂಡ. ಹೊರಬಂದಾಗ ಹಜಾರದಲ್ಲಿ ಸೀಮೆಎಣ್ಣೆ ದೀಪ ಇತ್ತು, ಪ್ರೇಮಲೀಲಾ ಚೊಂಬು ಹಿಡಿದು ಆಕಳಿಸುತ್ತಿದ್ದಳು. ಅಮ್ಮನ ಕೋಣೆ ಖಾಲಿ, ದೇವರ ಮನೆಯಿಂದ ಗಂಟೆಯ ಸಣ್ಣ ಸದ್ದು. ಅವನು ಬಗ್ಗಿ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಬೆಳ್ಳಗೆ ಏನೋ ಹತ್ತಿತ್ತು. ಟವೆಲು ಎತ್ತಿದ; ಒರೆಸಲು ಹೊರಟ ಕೈ ನಿಂತಿತು. ಮಧ್ಯಾಹ್ನದಿಂದ ಪಂಪಿಲ್ಲ. ಪಂಪಿಲ್ಲದಿದ್ದರೆ ಗುಳ್ಳೆಯಿಲ್ಲ, ಗುಳ್ಳೆಯಿಲ್ಲದಿದ್ದರೆ ಸಿಡಿಯುವುದಿಲ್ಲ. ಸಾಕಮ್ಮ ಫಳಫಳ ಒರೆಸಿ ಕೊಟ್ಟು ಅರ್ಧ ಗಂಟೆಯೂ ಆಗಿಲ್ಲ. ಇದು ಎಲ್ಲಿಂದ ಬಂತು? ಬುಧವಾರ ಎಲ್ಲಿಂದ ಬಂದಿತ್ತು? ಅದರ ಹಿಂದಿನ ಭಾನುವಾರ? ಮೂರು ತಿಂಗಳ ಅಷ್ಟೂ ಬುಧವಾರ ಭಾನುವಾರಗಳು, ಪ್ರತಿ ಸಲವೂ ಸ್ನಾನ ಮಾಡಿ ಬರುವಷ್ಟರಲ್ಲಿ ಹತ್ತಿರುತ್ತಿದ್ದ, ಪ್ರತಿ ಸಲವೂ ಇದೊಂದು ಕಾಟ ಎಂದು ನೋಡದೆಯೇ ಒರೆಸಿ ಹಾಕುತ್ತಿದ್ದ ಬಿಳುಪು. ದೀಪದ ಹತ್ತಿರ ಹಿಡಿದ. ಗೆರೆಗಳಿದ್ದವು. ಒಂದು, ಎರಡು, ಮೂರು. ಸ್ವಲ್ಪ ನಡುಗಿದ ಬೆರಳು ಎಳೆದ, ಅಂಚಿನಲ್ಲಿ ಅಗಲವಾದ ಮೂರು ಗೆರೆ. ಆದರೂ ಅವನು ನಕಾಶೆಯವನು, ಕಣ್ಣಿಗೆ ಕಂಡದ್ದನ್ನು ಅಳೆಯದೆ ನಂಬುವವನಲ್ಲ. ಅತ್ತಿತ್ತ ನೋಡಿ, ಸೀಗಡಿಯ ಡಬ್ಬಿಯನ್ನು ಮುಖದ ಹತ್ತಿರ ತಂದು, ಜನ್ಮದಲ್ಲಿ ಮೊದಲ ಸಲ ಅದರ ವಾಸನೆ ಅಷ್ಟು ಹತ್ತಿರದಿಂದ ಮೂಗಿಗೆ ಬಡಿಯುತ್ತಿರುವಾಗ, ನಾಲಿಗೆಯ ತುದಿಯನ್ನು ಮುಚ್ಚಳಕ್ಕೆ ಮುಟ್ಟಿಸಿದ.

ಉಪ್ಪಿರಲಿಲ್ಲ.

"ಏನೋ ಅದು ಪ್ರಭು," ದೇವರ ಮನೆಯ ಬಾಗಿಲಲ್ಲಿ ಪುಟ್ಟನಂಜಮ್ಮ ನಿಂತಿದ್ದರು, ಹಣೆಯ ಮೇಲಿನ ವಿಭೂತಿ ಇನ್ನೂ ಆರಿರಲಿಲ್ಲ. "ಅವರಿಗೆ ಹಾಕೋದು ಬಿಟ್ಟು ನೀನು ಡಬ್ಬಿ ನೆಕ್ತಾ ನಿಂತಿದ್ದೀಯಲ್ಲೋ. ಬೆಳಗಿಂದ ಹಸ್ಕೊಂಡವರೆ, ಬೇಗ ಹಾಕಪ್ಪ."